ಹಿತ್ತಿಲ ಗಿಡಕ್ಕೊಂದು ನಾಮಫಲಕ

ಹಿತ್ತಿಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಹತ್ತಿರವಿದ್ದುದಕ್ಕೆ ಬೆಲೆಯಿಲ್ಲವೆಂಬುದು ಅದರ ತಾತ್ಪರ್ಯ. ಮದ್ದೆನಿಸದಿದ್ದರೂ ಆ ಕಾಲದಲ್ಲಿ ಹಿತ್ತಿಲ ಗಿಡಕ್ಕೆ ಹೆಸರೊಂದಿತ್ತು. ಈಗ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಮನೆಯೊಂದರ ಹಿಂದೆ ನಿಂತು, ‘ಇದು ಯಾವ ಗಿಡ?’ ಎಂದು ಕೇಳಿದರೆ, ‘ಅಮ್ಮನಿಗೆ ಗೊತ್ತಿತ್ತು’ ಎಂಬ ಉತ್ತರ ಬರುವುದೇ ಹೆಚ್ಚು. ಗಿಡ ಇದೆ, ಹೆಸರು ಹೋಗಿದೆ. ನಾನು ಕನ್ನಡ ಪಾಠ ಹೇಳಿದವನು. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಹೆಸರು ಭಾಷೆಯ ಸೊತ್ತಾದುದರಿಂದ, ಈ ಕರಾವಳಿಯಲ್ಲಿ ಗಿಡಮರಗಳ ಹೆಸರುಗಳು ಹೇಗೆ ಉಳಿದುಬಂದವು, ಹೇಗೆ ಅಳಿಯುತ್ತಿವೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ನನಗೂ ಇದೆಯೆಂದು ತಿಳಿದಿದ್ದೇನೆ.

ಮೊದಲು ಮರವೇ ನಾಮಫಲಕವಾಗಿತ್ತು. ಊರು ಅದರಿಂದ ಹೆಸರು ಪಡೆಯಿತು. ನೇರಳಕಟ್ಟೆ, ಮಾವಿನಕಟ್ಟೆ, ಹುಣ್ಸೆಮಕ್ಕಿ, ಗೋಳಿಹೊಳೆ — ಈ ಹೆಸರುಗಳನ್ನು ಬಸ್ಸಿನ ಫಲಕದಲ್ಲಿ ಓದುವಾಗ ನಾವು ನಿಲ್ಲುವುದಿಲ್ಲ. ಆದರೆ ಒಂದೊಂದೂ ಒಂದು ಮರದ ದಾಖಲೆ. ಘಟ್ಟದ ಮೇಲಿನವರು ಆಲವೆನ್ನುವ ಮರವನ್ನು ನಮ್ಮವರು ಗೋಳಿ ಎನ್ನುತ್ತಾರೆಂಬ ಭಾಷಾಶಾಸ್ತ್ರದ ಸಂಗತಿಯೂ ಅದರಲ್ಲಿ ಅಡಗಿದೆ. ಕುಂದಾಪುರವೆಂಬ ಹೆಸರಿಗೇ ಹೇಳುವ ಹಲವು ನಿಷ್ಪತ್ತಿಗಳಲ್ಲಿ ಕುಂದ, ಎಂದರೆ ಮಲ್ಲಿಗೆ, ಎಂಬುದೂ ಒಂದು. ಶಾಸನಗಳನ್ನು ಓದಿದವರಿಗೆ ಇನ್ನೊಂದು ವಿಷಯ ಪರಿಚಿತ. ದತ್ತಿಯಾಗಿ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಬಂಡೆ, ಹುತ್ತಗಳ ಜೊತೆಗೆ ಮರಗಳನ್ನೂ ಹೆಸರು ಹಿಡಿದು ಹೇಳುವುದು ಕನ್ನಡ ಶಾಸನಗಳ ವಾಡಿಕೆ. ಮರದ ಹೆಸರು ತಪ್ಪಿದರೆ ಗಡಿ ತಪ್ಪುತ್ತಿತ್ತು, ವ್ಯಾಜ್ಯ ಹುಟ್ಟುತ್ತಿತ್ತು. ಹೆಸರು ನೆನಪಿಡುವುದು ಅಂದು ಹವ್ಯಾಸವಾಗಿರಲಿಲ್ಲ, ಜೀವನದ ಅಗತ್ಯವಾಗಿತ್ತು.

ಆದರೆ ಬಾಯಿಮಾತಿನ ಹೆಸರಿಗೆ ತೊಡಕೂ ಉಂಟು. ಬ್ರಹ್ಮಾವರದ ಆಸುಪಾಸು ತುಳುವೂ ಕುಂದಗನ್ನಡವೂ ಸಂಧಿಸುವ ಸ್ಥಳ, ಕೊಂಕಣಿಯೂ ಜೊತೆಗಿದೆ. ಸಾರಿಗೂ ಪಾನಕಕ್ಕೂ ಬಳಸುವ ಕೆಂಪು ಹುಳಿಹಣ್ಣನ್ನು ತುಳುವರು ಪುನರ್ಪುಳಿ ಎಂದರೆ ಉತ್ತರ ಕನ್ನಡದವರು ಮುರುಗಲು ಎನ್ನುತ್ತಾರೆ, ಕೊಂಕಣಿಗರು ಭಿರಂಡ ಎನ್ನುತ್ತಾರೆ. ಗಿಡ ಒಂದು, ಹೆಸರು ಮೂರು. ಇದಕ್ಕೆ ವಿರುದ್ಧವಾದ ಸಂದರ್ಭ ಇನ್ನೂ ಕಠಿಣ. ಕಡಲ ಬದಿಯಲ್ಲಿ ಹೊನ್ನೆಯೆಂದರೆ, ಬೀಜದಿಂದ ದೀಪದ ಎಣ್ಣೆ ತೆಗೆಯುತ್ತಿದ್ದ ಮರ. ಘಟ್ಟದ ಕಾಡಿನಲ್ಲಿ ಹೊನ್ನೆಯೆಂದರೆ ಮನೆಕಟ್ಟಲು ಒದಗುವ, ಕೆಂಪು ಅಂಟು ಸುರಿಸುವ ಬೇರೊಂದು ಮರ. ಮೊದಲನೆಯದು ಸಸ್ಯಶಾಸ್ತ್ರಜ್ಞರ ಕ್ಯಾಲೊಫಿಲ್ಲಮ್, ಎರಡನೆಯದು ಟೆರೊಕಾರ್ಪಸ್. ಬ್ರಾಹ್ಮಿಯೆಂಬ ಹೆಸರನ್ನು ಗದ್ದೆಯಂಚಿನ ಒಂದೆಲಗಕ್ಕೂ — ತುಳುವರ ತಿಮರೆಗೂ — ಹೇಳುತ್ತಾರೆ, ನೀರಿನ ಬದಿಯ ಬಕೋಪಾ ಎಂಬ ಬೇರೆ ಸಸ್ಯಕ್ಕೂ ಹೇಳುತ್ತಾರೆ. ಮದ್ದಿನ ಮಾತು ಬಂದಾಗ ಇಂಥ ಗೊಂದಲವನ್ನು ಸಣ್ಣದೆನ್ನಲಾಗದು. ಲೋಕದ ಯಾವ ಮೂಲೆಯಲ್ಲೂ ಒಂದೇ ಗಿಡವನ್ನು ಸೂಚಿಸುವ ಲ್ಯಾಟಿನ್ ಹೆಸರು ಬೇಕಾದುದು ಇದಕ್ಕಾಗಿಯೇ.

ಈ ಎರಡು ಬಗೆಯ ಹೆಸರುಗಳೂ ಒಂದೇ ಪುಟದಲ್ಲಿ ಕೂಡಿದ ಪ್ರಸಂಗ ನಮ್ಮ ಕರಾವಳಿಯ ದಕ್ಷಿಣದ ತುದಿಯಲ್ಲಿ, ಕೊಚ್ಚಿಯಲ್ಲಿ, ನಡೆಯಿತು. ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಚಿತ್ರಗಳಲ್ಲಿ ಗಿಡದ ಬದಿಗೆ ಅದರ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಷ್ಟೇ ಅಲ್ಲದೆ ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿಯೂ ಕೆತ್ತಿಸಿದ್ದಾರೆ. ನಾಗರಿಯಲ್ಲಿರುವುದು ಕೊಂಕಣಿ ಹೆಸರು. ಇನ್ನೂ ದೊಡ್ಡ ಸಂಗತಿಯೆಂದರೆ, ಹೆಸರು ಹೇಳಿಕೊಟ್ಟವರ ಹೆಸರುಗಳೂ ಗ್ರಂಥದಲ್ಲಿ ಉಳಿದಿವೆ: ವೈದ್ಯನಾದ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವಾಗ ಈ ಗ್ರಂಥವನ್ನು ಆಧರಿಸಿದನು. ಹಾಗಾಗಿ ನಮ್ಮ ಮನೆಮನೆಯ ಚಪ್ಪರದ ಬಸಳೆ ಇಂದು ಜಗತ್ತಿನ ಪಂಡಿತರಿಗೆಲ್ಲ ‘ಬಸೆಲ್ಲಾ’. ಮಲಬಾರಿನ ನಾಡುಮಾತೇ ಲ್ಯಾಟಿನ್ ಉಡುಗೆ ತೊಟ್ಟು ನಿಂತಿದೆ. ಅಡಿಕೆ ‘ಅರೆಕಾ’ ಆದ ಕಥೆಯೂ ಇದೇ ಜಾಡಿನದು. ಬರೆದಿಟ್ಟ ಹೆಸರು ಎಲ್ಲಿಯವರೆಗೆ ನಡೆದುಹೋಗಬಲ್ಲದೆಂಬುದಕ್ಕೆ ಬಸಳೆಗಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿಯದು.

ನಮ್ಮ ಮೂರು ಊರುಗಳ ದಾರಿಯಾಗಿಯೇ ನಡೆದುಹೋದ ವಿದೇಶೀಯ ಸಸ್ಯಜ್ಞ ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ಕಂಪನಿ ಸರಕಾರ ಅವನನ್ನು ದೇಶ ಸಮೀಕ್ಷೆಗೆ ಕಳುಹಿಸಿತು. 1801ರಲ್ಲಿ ಅವನು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿ ಉತ್ತರಕ್ಕೆ ಸಾಗಿದನು. ಆ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬೆಳೆ, ಗೇಣಿ, ತೋಟ, ಕಾಡು ಎಲ್ಲವನ್ನೂ ಕೇಳಿ ಬರೆದುಕೊಂಡ ಅವನ ಶ್ರಮ ದೊಡ್ಡದು. ಇಂದಿಗೂ ನಮ್ಮ ಇತಿಹಾಸಕಾರರಿಗೆ ಆಕರ. ಆದರೆ ಅವನು ಕೇಳಿದ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಕುಳಿತವು. ಆ ಅಕ್ಷರಗಳಿಗೆ ಳಕಾರ ಲಕಾರಗಳ ಭೇದವಿಲ್ಲ, ಹ್ರಸ್ವ ದೀರ್ಘಗಳ ನಿಯಮವಿಲ್ಲ. ಬಾಳೆಗೂ ಬಾಲೆಗೂ ವ್ಯತ್ಯಾಸ ತೋರದ ಲಿಪಿಯಲ್ಲಿ ಬರೆದ ಗಿಡದ ಹೆಸರನ್ನು ಇನ್ನೂರು ವರ್ಷಗಳ ಮೇಲೆ ಮತ್ತೆ ಕನ್ನಡಕ್ಕೆ ತಿರುಗಿಸುವುದು ಒಗಟು ಬಿಡಿಸುವ ಕೆಲಸ. ಹೆಸರನ್ನು ಬರೆದರಷ್ಟೇ ಸಾಲದು, ಅದರದೇ ಅಕ್ಷರದಲ್ಲಿ ಬರೆಯಬೇಕೆಂಬುದು ಬುಕಾನನ್ನನಿಂದ ನಾವು ಕಲಿಯಬೇಕಾದ ಪಾಠ.

ಆ ಕೆಲಸವನ್ನು ಮಾಡಿದವರೂ ನಮ್ಮಲ್ಲಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ನೂರಾರು ಗಿಡಮರಗಳ ಕನ್ನಡ ಹೆಸರುಗಳು ಕನ್ನಡ ಅಕ್ಷರದಲ್ಲೇ ನಿಂತು, ಪಕ್ಕದಲ್ಲಿ ಲ್ಯಾಟಿನ್ ಹೆಸರನ್ನು ಪಡೆದಿವೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನೂ ಅನಂತರ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟು, ವಿಜ್ಞಾನವನ್ನು ನಮ್ಮ ಮಾತಿನಲ್ಲೇ ಹೇಳಬಹುದೆಂದು ತೋರಿಸಿದರು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಾಗ ಗಿಡಗಳ ಕಥೆಯೂ ಸಾಹಿತ್ಯವೆಂಬುದು ನಾಡಿಗೆ ಒಪ್ಪಿಗೆಯಾಯಿತು. 2003ರಲ್ಲಿ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ ಪ್ರಕಟವಾಗಿ, ಜಿಲ್ಲೆಯ ಸಸ್ಯಗಳಿಗೆ ವಿದ್ವತ್ತಿನ ಲೆಕ್ಕಪುಸ್ತಕ ದೊರೆಯಿತು.

ಇಷ್ಟಿದ್ದರೂ ನನ್ನ ಆತಂಕ ಉಳಿದಿರುವುದು ಏತಕ್ಕೆಂದರೆ, ಇಂಥ ಗ್ರಂಥಗಳು ಗಿಡದ ಕುಲವನ್ನು ಹೇಳುತ್ತವೆ. ಮನೆತನವನ್ನು ಹೇಳುವುದು ಅವುಗಳ ಕೆಲಸವಲ್ಲ. ಮಾವೆಲ್ಲ ಶಾಸ್ತ್ರಕ್ಕೆ ಒಂದೇ ‘ಮ್ಯಾಂಜಿಫೆರಾ ಇಂಡಿಕಾ’. ಜೀರಿಗೆಯ ಪರಿಮಳದ ಮಿಡಿ, ಸಾಸಿವೆಗಾಗುವ ಕಾಟು ಮಾವು, ಬಾವಿಕಟ್ಟೆಯ ಪಕ್ಕದ ಹುಳಿಮರ — ಈ ಭೇದಗಳು ಮನೆಯವರಿಗೆ ಮಾತ್ರ ಗೊತ್ತು. ಹಲಸಿನಲ್ಲಿ ಗಟ್ಟಿ ತೊಳೆಯ ಬಕ್ಕೆ ಯಾವುದು, ಮೆತ್ತನೆ ತೊಳೆಯ ತುಳುವೆ ಯಾವುದು, ಹಪ್ಪಳಕ್ಕೆ ಯಾವ ಮರದ ಕಾಯಿ ಒಳ್ಳೆಯದು ಎಂಬುದು ಅಡುಗೆಮನೆಯ ಜ್ಞಾನ. ಭತ್ತದ ಕಥೆಯಂತೂ ಕಣ್ಣೆದುರಿಗೇ ಇದೆ. ಅತಿಕರಾಯ, ಕಯಮೆ ಮೊದಲಾದ ಹೆಸರುಗಳು ಓಡಾಡುತ್ತಿದ್ದ ಕರಾವಳಿಯ ಗದ್ದೆಗಳಿಗೆ ಕೇರಳದ ಮಂಕೊಂಬಿನಿಂದ ಸುಧಾರಿತ ತಳಿ ಬಂತು. ಅಲ್ಲಿ ಅದಕ್ಕೆ ‘ಭದ್ರಾ’ ಎಂಬ ಚೆಂದದ ಹೆಸರಿತ್ತು. ನಮ್ಮಲ್ಲಿ ಅದು ‘ಎಂ.ಒ. 4’ ಎಂಬ ಅಂಕೆಯಾಗಿಯೇ ಮನೆಮಾತಾಯಿತು. ಇಳುವರಿ ಬಂದುದು ಸಂತೋಷವೇ. ಆದರೆ ಹಳೆಯ ತಳಿಯ ಬೀಜ ಕಣಜ ಬಿಟ್ಟ ದಿನವೇ ಅದರ ಹೆಸರೂ ನಾಲಗೆ ಬಿಟ್ಟಿತು.

ಹೆಸರು ಗಟ್ಟಿಯಾಗಿದ್ದರೆ ಗಿಡವೂ ಬಾಳುತ್ತದೆಂಬುದಕ್ಕೆ ಹೆಮ್ಮಾಡಿಯ ಸೇವಂತಿಗೆ ನಿದರ್ಶನ. ಮಕರ ಸಂಕ್ರಾಂತಿಯ ಹೊತ್ತಿಗೆ ಅರಳಿ, ಮಾರಣಕಟ್ಟೆಯ ಜಾತ್ರೆಯಲ್ಲಿ ಬ್ರಹ್ಮಲಿಂಗೇಶ್ವರನ ಮುಡಿಗೇರುವ ಆ ಹಳದಿ ಹೂವು ಊರಿನ ಹೆಸರನ್ನೇ ತನ್ನ ಹೆಸರಾಗಿ ಹೊತ್ತಿದೆ. ಊರು, ದೇವರು, ಹಬ್ಬ ಮೂರೂ ಸೇರಿ ಅದಕ್ಕೆ ನಾಮಫಲಕವಾಗಿವೆ. ಜಿಲ್ಲೆಯ ದಕ್ಷಿಣದ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆತುದೂ ಊರಿನ ಹೆಸರು ಅದಕ್ಕೆ ಅಂಟಿಕೊಂಡಿದ್ದುದರಿಂದಲೇ. 2001ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆ ರೈತನ ಸ್ವಂತ ತಳಿಯನ್ನೂ ನೋಂದಾಯಿಸಬಹುದೆನ್ನುತ್ತದೆ. ನೋಂದಣಿಗೆ ಮಾತ್ರ ಆ ತಳಿಗೊಂದು ಪ್ರತ್ಯೇಕ ಹೆಸರಿರಬೇಕು. ಶಾಸನದ ಕಾಲದಂತೆ ಇಂದೂ ಹೆಸರು ಮರೆತವನ ಹಕ್ಕು ಸಡಿಲವಾಗುತ್ತದೆ.

ಹೆಸರುಗಳು ಅಳಿಯುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಹೋಗಿ ನೆಲೆಸುತ್ತಾರೆ, ಮನೆ ಪಾಲಾಗುತ್ತದೆ, ಹಿತ್ತಿಲಿನ ನೆನಪು ಯಾರ ಪಾಲಿಗೂ ಬರುವುದಿಲ್ಲ. ಕತ್ತಿ ತಾಗಿಸಲು ಜನ ಅಂಜುತ್ತಿದ್ದ ನಾಗಬನಗಳು ಎಷ್ಟೋ ಕಡೆ ಬಳ್ಳಿ ಮರಗಳನ್ನು ಕಳೆದುಕೊಂಡು ಸಿಮೆಂಟಿನ ಕಟ್ಟೆಗಳಾಗಿವೆ. ಹೆದ್ದಾರಿ ಅಗಲವಾದಾಗ ಸಾಲುಮರಗಳು ಉರುಳಿದವು. ಕಡಿದ ಮರಕ್ಕಾಗಿ ಮರುಗುವವರಿದ್ದಾರೆ. ನಿಂತಿರುವ ಮರದ ಹೆಸರು ಹೋದುದಕ್ಕೆ ಮರುಗುವವರು ಕಡಮೆ. ಹೆಸರು ತಿಳಿಯದ ಗಿಡವೇ ಮುಂದಿನ ಸಲ ಹಿತ್ತಿಲು ಸವರುವಾಗ ಕಳೆಯ ಜೊತೆ ಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗದ ಬೆಳೆಗೆ ಫಲಕ ನೆಡುವುದು ನಿತ್ಯದ ಕ್ರಮ. ಆ ಶಿಸ್ತಿನ ಒಂದಂಶ ಮನೆಗಳಿಗೆ ಬಂದರೆ ಸಾಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಕಾಗದ ಉಳಿಯದು, ಶಾಯಿ ನಿಲ್ಲದು. ಕಡಲ ಗಾಳಿಗೆ ಕಬ್ಬಿಣದ ತಗಡು ತುಕ್ಕು ಹಿಡಿಯುತ್ತದೆ. ತೆಳುವಾದ ಅಲ್ಯುಮಿನಿಯಮ್ ತಗಡಿನ ಮೇಲೆ ಮೊಂಡು ಮೊಳೆಯಿಂದ ಒತ್ತಿ ಬರೆದರೆ ಅಕ್ಷರ ತಗ್ಗಾಗಿ ಮೂಡಿ ಬಹುಕಾಲ ಇರುತ್ತದೆ. ನಮ್ಮವರು ತಾಳೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದ ವಿಧಾನವೇ ಇದು. ತಗಡನ್ನು ಮರಕ್ಕೆ ಮೊಳೆ ಹೊಡೆದು ನಿಲ್ಲಿಸಬಾರದು. ಮರ ಬೆಳೆದಂತೆ ಮೊಳೆಯನ್ನೂ ಫಲಕವನ್ನೂ ನುಂಗುತ್ತದೆ. ತಂತಿಯನ್ನು ಬಿಗಿದರೆ ಕೊಂಬೆಯ ಕತ್ತು ಹಿಸುಕಿದಂತೆ. ಸಡಿಲವಾಗಿ ತೂಗುಬಿಟ್ಟು, ಎರಡು ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು. ಫಲಕ ಕಳೆದುಹೋಗಬಹುದಾದುದರಿಂದ ಅದೇ ವಿವರವನ್ನು ನಕಾಶೆಯೊಂದಿಗೆ ಪುಸ್ತಕದಲ್ಲಿಯೂ ಬರೆದಿಡುವುದು ಒಳ್ಳೆಯದು.

ಅದರಲ್ಲಿ ಬರೆಯಬೇಕಾದುದೇನು? ಮೊದಲು ಮನೆಯ ಮಾತಿನ ಹೆಸರು, ಮನೆಯವರು ಉಚ್ಚರಿಸುವಂತೆಯೇ, ಕನ್ನಡ ಅಕ್ಷರದಲ್ಲಿ. ಅದನ್ನು ಗ್ರಂಥಭಾಷೆಗೆ ತಿದ್ದಬೇಕಾಗಿಲ್ಲ. ಅದರ ಕೆಳಗೆ, ಬಲ್ಲವರನ್ನು ಕೇಳಿ, ಲ್ಯಾಟಿನ್ ಹೆಸರು. ಆ ಹೆಸರೂ ಶಾಶ್ವತವೇನಲ್ಲ: ಹಳೆಯ ಪುಸ್ತಕಗಳಲ್ಲಿ ‘ಆರ್ಟೊಕಾರ್ಪಸ್ ಇಂಟಿಗ್ರಿಫೋಲಿಯಾ’ ಆಗಿದ್ದ ಹಲಸು ಈಗ ‘ಹೆಟೆರೊಫಿಲ್ಲಸ್’ ಆಗಿದೆ. ಆದುದರಿಂದ ಬರೆದ ವರ್ಷವನ್ನೂ ಹಾಕಬೇಕು. ಕೊನೆಯದಾಗಿ, ಗಿಡ ಯಾರ ಮನೆಯಿಂದ ಬಂತು, ಹೆಸರನ್ನು ಹೇಳಿಕೊಟ್ಟವರು ಯಾರು ಎಂಬುದು. ಇಟ್ಟಿ ಅಚ್ಯುತನ್ನಿಗೆ ಮೂರೂವರೆ ಶತಮಾನಗಳ ಹಿಂದೆ ಪರದೇಶದವನೊಬ್ಬ ಸಲ್ಲಿಸಿದ ಗೌರವವನ್ನು ನಾವು ನಮ್ಮ ಅಜ್ಜಿಯರಿಗೆ ಸಲ್ಲಿಸಲಾರೆವೆ?

ಶಾಲೆಯ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ಈ ಕೆಲಸ ಕೊಡಬಹುದು. ಹಿರಿಯರನ್ನು ಕೈಹಿಡಿದು ಹಿತ್ತಿಲು ಸುತ್ತಿಸಿ, ಒಂದೊಂದು ಗಿಡದ ಮುಂದೆ ನಿಲ್ಲಿಸಿ ಕೇಳುವುದು, ಬರೆಯುವುದು. ಮಳೆಗಾಲಕ್ಕೆ ಮುಂಚೆ ಮಾಡಿದರೆ ಉತ್ತಮ. ಮುಂದಿನ ವರ್ಷ ಮಾಡಿದರಾಯಿತೆಂದು ಗಿಡಗಳ ವಿಷಯದಲ್ಲಿ ಹೇಳಬಹುದೇನೋ. ಹೆಸರು ಬಲ್ಲವರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.