ದೀಪ ಆರಿಸಿದ ನೆರೆಮನೆ

ಚಾಕು, ಮುಖವಾಡ, ಕಿರುಚಾಟ ತುಂಬಿದ ಸಿನಿಮಾಗಳೆಂದರೆ ನನಗೆ ಪ್ರಾಣ ಎಂದರೆ ನಂಬುವವರು ಕಡಿಮೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂರುವ ಹೆಂಗಸು ಅಂಥದ್ದನ್ನೆಲ್ಲ ನೋಡುತ್ತಾಳೆಯೇ ಎಂಬ ಪ್ರಶ್ನೆ ಅವರ ಮುಖದಲ್ಲೇ ಇರುತ್ತದೆ. "ನಿಮಗೆ ನಿದ್ದೆ ಹೇಗಾದರೂ ಬರುತ್ತದೆ ಅಕ್ಕಾ?" ಎಂದು ನನ್ನ ಓರಗಿತ್ತಿ ಕೇಳುತ್ತಾಳೆ. ಚೆನ್ನಾಗಿಯೇ ಬರುತ್ತದೆ. ನಿದ್ದೆ ಕೆಡಿಸುವುದಕ್ಕೆ ಬೆಳಗಿನ ಪತ್ರಿಕೆ ಇದೆಯಲ್ಲ.

ವಿಡಿಯೋ ಕ್ಯಾಸೆಟ್ಟನ್ನು ಬಾಡಿಗೆಗೆ ತಂದು ನೋಡುತ್ತಿದ್ದ ಕಾಲದಿಂದ ಅಂಟಿಕೊಂಡ ಚಟ ಇದು. ಆದ್ದರಿಂದ 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಹ್ಯಾಲೋವೀನ್ ಎಂಡ್ಸ್' ಎಂಬ ಅಮೆರಿಕದ ಚಿತ್ರವನ್ನು ಅಭಿಮಾನಿಗಳೆಲ್ಲ ಒಂದೇ ಬಾಯಿಂದ ಬೈದಾಗ ನನಗೆ ಸುಮ್ಮನಿರಲಾಗಲಿಲ್ಲ. ಅದು ಆ ಸರಣಿಯ 13ನೆಯ ಚಿತ್ರ. ನನ್ನ ಲೆಕ್ಕದಲ್ಲಿ, ಮೊದಲನೆಯ ಚಿತ್ರದ ಒಂದು ಮುಖ್ಯ ಮಾತನ್ನು ನೆನಪಿಟ್ಟುಕೊಂಡದ್ದು ಅದೊಂದೇ. ಏನದು ಎಂದು ಹೇಳಬೇಕಾದರೆ 1978ಕ್ಕೆ ಹೋಗಬೇಕು.

ಈ ಜಾತಿಯ ಚಿತ್ರಗಳಿಗೆ ಸ್ಲ್ಯಾಷರ್ ಎಂದು ಹೆಸರು. ಕೊಲೆಗಾರನೊಬ್ಬ ಹದಿಹರೆಯದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾ ಬರುತ್ತಾನೆ, ಕಡೆಗೆ ಒಬ್ಬ ಹುಡುಗಿ ಮಾತ್ರ ಉಳಿಯುತ್ತಾಳೆ. ಆ ಹುಡುಗಿಗೆ 'ಫೈನಲ್ ಗರ್ಲ್' ಎಂದು 1987ರಲ್ಲಿ ಹೆಸರಿಟ್ಟವರು ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕ್ಯಾರಲ್ ಕ್ಲೋವರ್. ಅವರು ಓದಿಕೊಂಡದ್ದು ಸ್ಕ್ಯಾಂಡಿನೇವಿಯಾದ ಹಳೆಯ ವೀರಕಥೆಗಳನ್ನು. ಅಂಥ ವಿದ್ವಾಂಸೆ ಈ ಅಗ್ಗದ ಚಿತ್ರಗಳನ್ನು ಕೂತು ನೋಡಿ ಒಂದು ಸೂಕ್ಷ್ಮ ಹಿಡಿದರು. ಚಿತ್ರದ ಮೊದಲಲ್ಲಿ ಕೊಲೆಗಾರನ ಕಣ್ಣಿನಿಂದ ನೋಡುವ ಪ್ರೇಕ್ಷಕ, ಅವನು ಗಂಡಸೇ ಆಗಿದ್ದರೂ, ಕೊನೆಗೆ ಆ ಹುಡುಗಿಯ ಕಣ್ಣಿನಿಂದ ನೋಡತೊಡಗುತ್ತಾನೆ ಎಂದರು. ಓರಗಿತ್ತಿಗೆ ನಾನು ಹೇಳುವ ಸಬೂಬೂ ಇದೇ, ಆದರೆ ಅವಳು ಒಪ್ಪುವುದಿಲ್ಲ.

1978ರ 'ಹ್ಯಾಲೋವೀನ್' ಬಗ್ಗೆ ಮಾತು ಬಂದರೆ ಎಲ್ಲರೂ ನಿರ್ದೇಶಕ ಜಾನ್ ಕಾರ್ಪೆಂಟರ್ ಹೆಸರು ಹೇಳುತ್ತಾರೆ. ಹೇಳಲಿ, ಸಂಗೀತವೂ ಅವರದೇ, ಇಂದಿಗೂ ಎದೆ ಡವಗುಟ್ಟಿಸುತ್ತದೆ. ಆದರೆ ಅವರ ಜೊತೆ ಕೂತು ಚಿತ್ರಕಥೆ ಬರೆದವರು, ನಿರ್ಮಾಪಕಿಯಾಗಿ ಖರ್ಚುವೆಚ್ಚ ತೂಗಿಸಿದವರು ಡೆಬ್ರಾ ಹಿಲ್. ಹಾಡನ್‌ಫೀಲ್ಡ್ ಎಂಬ ತಮ್ಮೂರಿನ ಹೆಸರನ್ನೇ ಅವರು ಕಥೆಯ ಊರಿಗೂ ಇಟ್ಟರು. ನ್ಯೂಜೆರ್ಸಿಯ ಊರು ಸಿನಿಮಾದಲ್ಲಿ ಇಲಿನಾಯ್ ರಾಜ್ಯಕ್ಕೆ ಹೋಯಿತು, ಅಷ್ಟೇ ವ್ಯತ್ಯಾಸ. ಅಪ್ಪ ಅಮ್ಮ ಹೊರಗೆ ಹೋದ ಸಂಜೆ ಮಕ್ಕಳನ್ನು ನೋಡಿಕೊಂಡು ಒಂದಷ್ಟು ಕಾಸು ಸಂಪಾದಿಸುವ ಹುಡುಗಿಯರು ಅಲ್ಲಿದ್ದಾರೆ. ಬೇಬಿಸಿಟ್ಟರ್ ಎನ್ನುತ್ತಾರೆ. ಹಿಲ್ ಕೂಡ ಆ ಕೆಲಸ ಮಾಡಿದ್ದವರೇ. ಹುಡುಗಿಯರ ಮಾತುಕತೆಯನ್ನೆಲ್ಲ ಹೆಚ್ಚಾಗಿ ಅವರೇ ಬರೆದರು. ಆ ಮೂವರು ಗೆಳತಿಯರು ಪುಸ್ತಕ ಹೊತ್ತು, ಒಬ್ಬರನ್ನೊಬ್ಬರು ಕೆಣಕುತ್ತಾ ಬೀದಿಯಲ್ಲಿ ನಡೆದುಬರುವುದನ್ನು ನೋಡಿದರೆ, ಇದನ್ನು ಗಂಡಸೊಬ್ಬ ಒಬ್ಬನೇ ಬರೆದಿರಲಾರ ಎಂದು ಗೊತ್ತಾಗಿಬಿಡುತ್ತದೆ.

ಕೈಯಲ್ಲಿದ್ದ ದುಡ್ಡು ಸುಮಾರು 3 ಲಕ್ಷ ಡಾಲರು. ಕಥೆ ಅಕ್ಟೋಬರಿನದು, ಶೂಟಿಂಗು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಕಾಗದದ ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಚೆಲ್ಲಿ, ದೃಶ್ಯ ಮುಗಿದ ಕೂಡಲೇ ಬಳಿದುಕೊಂಡು ಮುಂದಿನ ಬೀದಿಗೆ ಒಯ್ದರಂತೆ. ಕೊಲೆಗಾರ ಮೈಕೇಲ್ ಮೈಯರ್ಸನ ಮುಖವಾಡ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕನದು. ಅಂಗಡಿಯಲ್ಲಿ ಸಿಕ್ಕ ಅಗ್ಗದ ಮಾಲು. ಅದಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದರು. ದುಂದು ಮಾಡದೆ ಸಂಸಾರ ತೂಗಿಸುವುದು ಹೇಗೆಂದು ತಿಳಿದವರ ಸಿನಿಮಾ ಇದು. ಅಮೆರಿಕ ಒಂದರಲ್ಲೇ 4 ಕೋಟಿ ಡಾಲರಿಗೂ ಮಿಕ್ಕು ಗಳಿಸಿತು.

ನಾಯಕಿ ಲಾರಿ ಸ್ಟ್ರೋಡ್ ಆಗಿ ನಟಿಸಿದ ಜೇಮೀ ಲೀ ಕರ್ಟಿಸ್‌ಗೆ ಆಗ 19 ವರ್ಷ. 1960ರ 'ಸೈಕೋ' ಚಿತ್ರದಲ್ಲಿ ಸ್ನಾನದ ಮನೆಯಲ್ಲಿ ಕೊಲೆಯಾಗುತ್ತಾಳಲ್ಲ, ಆ ಪಾತ್ರ ಮಾಡಿದ ಜಾನೆಟ್ ಲೀಯ ಮಗಳು. ತಾಯಿ ಬಚ್ಚಲಲ್ಲಿ ಸತ್ತಳು, ಮಗಳು ಬದುಕಿದಳು. ಹೇಗೆ ಬದುಕಿದಳು? ಮೊದಲು ಕೈಗೆ ಸಿಕ್ಕ ಹೆಣಿಗೆ ಕಡ್ಡಿಯಿಂದ ಚುಚ್ಚಿದಳು. ಆಮೇಲೆ ಕಪಾಟಿನೊಳಗೆ ಅಡಗಿ, ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರನ್ನು ನೆಟ್ಟಗೆ ಮಾಡಿ ತಿವಿದಳು. ಈ ಎರಡು ಆಯುಧಗಳನ್ನು ನೆನೆದಾಗಲೆಲ್ಲ ಡೆಬ್ರಾ ಹಿಲ್ ಅವರಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ.

ಆದರೆ ನನ್ನನ್ನು ನಿಜವಾಗಿ ನಡುಗಿಸಿದ್ದು ಅದಕ್ಕೂ ಸ್ವಲ್ಪ ಮೊದಲಿನ ದೃಶ್ಯ. ಪೆಟ್ಟು ತಿಂದ ಲಾರಿ ಕಿರುಚುತ್ತಾ ಓಡಿ ನೆರೆಮನೆಯ ಬಾಗಿಲು ಬಡಿಯುತ್ತಾಳೆ. ಒಳಗೆ ದೀಪ ಹತ್ತುತ್ತದೆ. ಯಾರೋ ಇಣುಕಿ ನೋಡುತ್ತಾರೆ. ದೀಪ ಆರಿಹೋಗುತ್ತದೆ. ಕೆಲವೇ ಸೆಕೆಂಡು, ಒಂದು ತೊಟ್ಟು ರಕ್ತವಿಲ್ಲ. ಮುಖವಾಡದವನು ಯಾವ ಊರಿನಲ್ಲೂ ಅಪರೂಪ. ದೀಪ ಆರಿಸುವವರು ಬೀದಿಗೊಬ್ಬರಲ್ಲ, ಮನೆಗೊಬ್ಬರು.

ಮುಂದಿನ ಭಾಗಗಳು ಇದನ್ನು ಮರೆತವು. 1981ರ ಎರಡನೆಯ ಭಾಗ, ಕಾರ್ಪೆಂಟರ್ ಮತ್ತು ಹಿಲ್ ಅವರೇ ಬರೆದದ್ದು, ಲಾರಿ ಮೈಕೇಲನ ತಂಗಿ ಎಂದುಬಿಟ್ಟಿತು. ಸರಿಹೋಯಿತು! ನೆರೆಯವರಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕೆ? ಅದು ಅವರ ಮನೆಯ ವಿಷಯ, ಅಣ್ಣ ತಂಗಿ ಏನಾದರೂ ಮಾಡಿಕೊಳ್ಳಲಿ ಎಂದು ಹೊದ್ದು ಮಲಗಬಹುದು. 1988ರ ಭಾಗದಲ್ಲಿ ಲಾರಿ ಅಪಘಾತದಲ್ಲಿ ಸತ್ತಳು ಎಂಬ ಸುದ್ದಿ. 1998ರಲ್ಲಿ ಬೇರೆ ಹೆಸರಿಟ್ಟುಕೊಂಡು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ಬದುಕಿಬಂದಳು. ಅದರಲ್ಲಿ ತಾಯಿ ಜಾನೆಟ್ ಲೀ ಕೂಡ ಶಾಲೆಯ ಸೆಕ್ರೆಟರಿಯಾಗಿ ಒಂದೆರಡು ದೃಶ್ಯಗಳಲ್ಲಿ ಬರುತ್ತಾರೆ. 2002ರಲ್ಲಿ ಆರಂಭದಲ್ಲೇ ಲಾರಿಯನ್ನು ಕೊಂದುಹಾಕಿದರು. ಬದುಕಿ ಉಳಿದ ಹೆಣ್ಣನ್ನು ಏನು ಮಾಡಬೇಕೆಂದು ಈ ಮಹಾಶಯರಿಗೆ ತಿಳಿಯಲೇ ಇಲ್ಲ.

2018ರಲ್ಲಿ ಡೇವಿಡ್ ಗಾರ್ಡನ್ ಗ್ರೀನ್ ಎಂಬ ನಿರ್ದೇಶಕ ಮೊದಲ ಚಿತ್ರವೊಂದನ್ನುಳಿದು ಬಾಕಿ ಎಲ್ಲವನ್ನೂ ಅಳಿಸಿಹಾಕಿದ. ಅಣ್ಣ ತಂಗಿ ಸಂಬಂಧವೂ ಹೋಯಿತು. ಲಾರಿ ಈಗ ಅಜ್ಜಿ. ಮನೆಯನ್ನೇ ಕೋಟೆ ಮಾಡಿಕೊಂಡು, ಬಂದೂಕು ಹಿಡಿದು ನಲವತ್ತು ವರ್ಷ ಕಾದವಳು. ಆ ಕಾಯುವಿಕೆಯಲ್ಲಿ ಮಗಳನ್ನೂ ಸರ್ಕಾರ ಕಿತ್ತುಕೊಂಡಿತ್ತು. ಅಡುಗೆಮನೆಯ ಕಟ್ಟೆ ಸರಿದರೆ ಕೆಳಗೊಂದು ನೆಲಮಾಳಿಗೆ. ಕೊನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಸೇರಿ ಅವನನ್ನು ಅಲ್ಲಿ ಕೂಡಿಹಾಕಿ ಬೆಂಕಿ ಇಡುತ್ತಾರೆ. ಅವನು ಸಾಯುವುದಿಲ್ಲ, ಬಿಡಿ. 2021ರ ಭಾಗದಲ್ಲಿ ಮಗಳೇ ಅವನ ಕೈಗೆ ಸಿಕ್ಕಿ ಸತ್ತಳು. ಊರಿನವರು ದೊಣ್ಣೆ ಹಿಡಿದು ಹೊರಟು, ತಪ್ಪು ಮನುಷ್ಯನನ್ನು ಅಟ್ಟಿಸಿ ಆಸ್ಪತ್ರೆಯ ಮಹಡಿಯಿಂದ ಹಾರಿಸಿದರು. ಚಿತ್ರ ಗದ್ದಲದ್ದು, ನನಗೆ ರುಚಿಸಲಿಲ್ಲ.

ಈಗ ಎಲ್ಲರೂ ಬೈದ 2022ರ ಚಿತ್ರ. ಅವರ ದೂರು, ಮೈಕೇಲ್ ಬಹಳ ಹೊತ್ತು ಕಾಣುವುದೇ ಇಲ್ಲ ಎಂದು. ನಿಜ. ಅರ್ಧ ಚಿತ್ರವನ್ನು ಕೋರಿ ಎಂಬ ಹುಡುಗ ತಿಂದುಹಾಕುತ್ತಾನೆ. ಅವನೂ ಬೇಬಿಸಿಟ್ಟರ್. ಅವನು ನೋಡಿಕೊಳ್ಳುತ್ತಿದ್ದ ಮಗು ಆಕಸ್ಮಿಕವಾಗಿ ಬಿದ್ದು ಸಾಯುತ್ತದೆ, ಊರು ಅವನನ್ನು ಕೊಲೆಗಾರನೆಂದೇ ಕರೆಯುತ್ತದೆ, ಕರೆದು ಕರೆದು ಕಡೆಗೆ ಹಾಗೆಯೇ ಮಾಡಿಬಿಡುತ್ತದೆ. ಅವನ ಪ್ರೇಮಪ್ರಕರಣ ಅವಸರದ್ದು. ಲಾರಿಯ ಮೊಮ್ಮಗಳಂಥ ಬುದ್ಧಿವಂತೆ ಎರಡು ದಿನದಲ್ಲಿ ಅವನಿಗೆ ಮಾರುಹೋಗುವುದನ್ನು ನಾನೂ ನಂಬಲಿಲ್ಲ.

ಆದರೆ ಲಾರಿಯನ್ನು ನೋಡಿ. ಕೋಟೆ ಬಿಟ್ಟು ಊರೊಳಗೆ ಸಾಧಾರಣ ಮನೆ ಮಾಡಿದ್ದಾಳೆ. ಮೊಮ್ಮಗಳ ಜೊತೆ ಇದ್ದಾಳೆ, ತನ್ನ ಕಥೆಯನ್ನು ತಾನೇ ಬರೆಯುತ್ತಿದ್ದಾಳೆ. ದಿನಸಿ ತರಲು ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾಳೆ. ಅಲ್ಲಿ ಹಳೆಯ ಪರಿಚಯದ ಪೊಲೀಸ್ ಹಾಕಿನ್ಸ್ ಸಿಗುತ್ತಾನೆ, ಇಬ್ಬರೂ ಈ ವಯಸ್ಸಿನಲ್ಲಿ ತಡವರಿಸುತ್ತಾ ಜಪಾನಿನ ಚೆರಿ ಹೂವಿನ ವಿಷಯ ಮಾತಾಡುತ್ತಾರೆ. ನಗುತ್ತಾ ಹೊರಗೆ ಬಂದರೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬಳು ಅಡ್ಡಗಟ್ಟುತ್ತಾಳೆ. ಅವಳ ಅಕ್ಕನೋ ತಂಗಿಯೋ ಮೈಕೇಲನ ಚಾಕುವಿಗೆ ಸಿಕ್ಕಿ ಮಾತು ಕಳೆದುಕೊಂಡಿದ್ದಾಳೆ. ಇದಕ್ಕೆಲ್ಲ ನೀನೇ ಕಾರಣ, ಅವನನ್ನು ಕೆಣಕಿದವಳು ನೀನು ಎನ್ನುತ್ತಾಳೆ. ಲಾರಿ ಉತ್ತರಿಸಲಾರದೆ ಕಾರಿನಲ್ಲಿ ಕೂರುತ್ತಾಳೆ.

ದೀಪ ಆರಿಸಿದ ಮನೆಯ ಬಾಗಿಲು ನಲವತ್ತನಾಲ್ಕು ವರ್ಷದ ಮೇಲೆ ತೆರೆದು, ಒಳಗಿದ್ದವರು ಮಾತಾಡಿದ್ದು ಹೀಗೆ. ಬೇರೆ ಯಾವ ಭಾಗದಲ್ಲೂ ನನಗೆ ಇಷ್ಟು ಭಯವಾಗಿಲ್ಲ. ಸತ್ತಿದ್ದರೆ ಲಾರಿಯ ಫೋಟೋಕ್ಕೆ ಊರವರು ಹೂವಿಡುತ್ತಿದ್ದರು. ಬದುಕಿದ್ದು ತಪ್ಪಾಯಿತು, ಬದುಕಿ ನಕ್ಕದ್ದಂತೂ ಮಹಾ ತಪ್ಪು. ಮೈಕೇಲ್ ಎಲ್ಲಿ ಎಂದು ಹುಡುಕುವ ಅಭಿಮಾನಿಗಳಿಗೆ ಈ ಹೆಂಗಸು ಕಾಣದೆ ಹೋದದ್ದು ನನಗೆ ಅಚ್ಚರಿ.

ಕೊನೆಯ ಹೊಡೆದಾಟ ನಡೆಯುವುದು ಅಡುಗೆಮನೆಯಲ್ಲೇ. ಚಾಕುಗಳಿಂದ ಅವನ ಕೈಗಳನ್ನು ಕಟ್ಟೆಗೆ ನೆಟ್ಟು, ಫ್ರಿಜ್ಜನ್ನು ಅವನ ಕಾಲ ಮೇಲೆ ಕೆಡವುತ್ತಾಳೆ. ಮೊಮ್ಮಗಳು ಬಂದು ಕೈಜೋಡಿಸುತ್ತಾಳೆ. ಹೆಣವನ್ನು ಕಾರಿನ ಮೇಲೆ ಕಟ್ಟಿ ಹೊರಟಾಗ ಊರವರೆಲ್ಲ ತಮ್ಮ ತಮ್ಮ ವಾಹನಗಳಲ್ಲಿ ಹಿಂದೆ ಮೆರವಣಿಗೆ ಬರುತ್ತಾರೆ, ಗುಜರಿಯ ದೊಡ್ಡ ಯಂತ್ರಕ್ಕೆ ಅವನನ್ನು ಹಾಕುವುದನ್ನು ನಿಂತು ನೋಡುತ್ತಾರೆ. ಹೊರಗೆ ಬಂದರಲ್ಲ ಅಂತೂ, ಅವನು ಸತ್ತ ಮೇಲೆ!

ಲಾರಿ ಮನೆಗೆ ಮರಳಿ ತನ್ನ ಪುಸ್ತಕ ಮುಗಿಸುತ್ತಾಳೆ. ಜಗಲಿಯಲ್ಲಿ ಹಾಕಿನ್ಸ್ ಜೊತೆ ಕೂರುತ್ತಾಳೆ. ಇಬ್ಬರೂ ಚೆರಿ ಹೂವು ನೋಡಲು ಹೋದರೋ ಇಲ್ಲವೋ, ಸಿನಿಮಾ ತೋರಿಸುವುದಿಲ್ಲ.