ಬಾಗೇಪಲ್ಲಿಯ ಗೋಬರ್ ಗ್ಯಾಸು, ಕಾರ್ಬನ್ ದುಡ್ಡು

ಕಾರ್ಬನ್ ಕ್ರೆಡಿಟ್ ಅನ್ನೋದು ಈಗ ಹುಟ್ಟಿದ್ದಲ್ಲ. ನಮ್ಮ ರಾಜ್ಯದಲ್ಲೇ ಇಪ್ಪತ್ತು ವರ್ಷದ ಹಿಂದೆ ಬಂದಿದೆ.

1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಪ್ಪಂದ ಆಯ್ತು, 2005ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ನಮ್ಮಂಥ ದೇಶದಲ್ಲಿ ಹೊಗೆ ತಗ್ಗಿಸಿದ ಲೆಕ್ಕವನ್ನ ಶ್ರೀಮಂತ ದೇಶದವರು ಕೊಳ್ಳಬಹುದಿತ್ತು, ಅದಕ್ಕೆ ಸಿಡಿಎಂ ಅಂತ ಹೆಸರು. ಅದೇ ಡಿಸೆಂಬರಿನಲ್ಲಿ, ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕೂಲಿ ಸಂಘದ ಯೋಜನೆ ನೋಂದಣಿ ಆಯ್ತು. 5,500 ಮನೆಗೆ ಗೋಬರ್ ಗ್ಯಾಸ್, ವರ್ಷಕ್ಕೆ ಸುಮಾರು 19,500 ಟನ್ ಉಳಿತಾಯ. ಭಾಗಿಸಿ ನೋಡಿ, ಮನೆಗೆ ಬರೀ ಮೂರೂವರೆ ಟನ್.

ತೊಡಕು ಇಲ್ಲೇ ಇರೋದು. ಗುಂಡಿ, ಇಟ್ಟಿಗೆ, ಗಾರೆ ಕೆಲಸಕ್ಕೆ ದುಡ್ಡು ಮೊದಲೇ ಬೇಕು. ಕ್ರೆಡಿಟ್ ಹುಟ್ಟೋದು ಒಲೆ ಉರಿದು, ಹೊರಗಿನ ಪರಿಶೋಧಕರು ಲೆಕ್ಕ ಒಪ್ಪಿದ ಮೇಲೆ. ಆ ಪರಿಶೋಧನೆ ಖರ್ಚು ಯೋಜನೆ ಚಿಕ್ಕದು ಅಂತ ಅಷ್ಟೇ ಇಳಿಯಲ್ಲ. ಅಲ್ಲಿ ಸಂಘ ಇತ್ತು. ಎರಡೆಕರೆಯವನು ಒಬ್ಬನೇ ಹೋದರೆ ಬಸ್ ಚಾರ್ಜೂ ಹುಟ್ಟಲ್ಲ.

ಮರದ್ದು ಇನ್ನೂ ಕಷ್ಟ. 1989ರ ಡಿಸೆಂಬರ್ 31ಕ್ಕೆ ಆ ನೆಲ ಕಾಡಾಗಿರಲಿಲ್ಲ ಅಂತ ತೋರಿಸಬೇಕಿತ್ತು. ಮರ ನಾಳೆ ಕಡಿದು ಹೋಗಬಹುದು ಅಂತ ಆ ಕ್ರೆಡಿಟ್ಟಿಗೆ ಅವಧಿ ಇಟ್ಟರು, ಯುರೋಪಿನ ಮಾರುಕಟ್ಟೆ ಅದನ್ನ ತಗೊಳ್ಳಲೇ ಇಲ್ಲ. ಜೊತೆಗೆ, ಕ್ರೆಡಿಟ್ ದುಡ್ಡಿಲ್ಲದೆ ಈ ಕೆಲಸ ಆಗ್ತಿರಲಿಲ್ಲ ಅಂತ ರುಜುವಾತು ಕೊಡಬೇಕು. ಹಾಗಾಗಿ ಚನ್ನಗಿರಿಯಲ್ಲಿ ಅಪ್ಪ, ಅಜ್ಜ ಹಾಕಿದ ಅಡಿಕೆ ತೋಟ ಲೆಕ್ಕಕ್ಕೇ ಬರಲ್ಲ.

ಇನ್ನು ಬೆಲೆ. 2008ರಲ್ಲಿ ಟನ್ನಿಗೆ 20 ಯೂರೋ ದಾಟಿದ್ದು 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಆಮೇಲಿನ ಹೊಸ ಯೋಜನೆಗಳಲ್ಲಿ ಅತಿ ಹಿಂದುಳಿದ ದೇಶಗಳದ್ದು ಮಾತ್ರ ಸಾಕು ಅಂದಿತು ಯುರೋಪು. ಭಾರತ ಆ ಪಟ್ಟಿಯಲ್ಲಿಲ್ಲ. ಈರುಳ್ಳಿ ಮಾರಿ ಬಂದ ಜಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಭತ್ತದ ಗದ್ದೆ ಆಗಾಗ ಆರಿಸಿ ನೀರು ಕಟ್ಟಿದರೆ ಮೀಥೇನ್ ಕಡಿಮೆಯಾಗುತ್ತೆ, ನಿಜ. ಆದರೆ ನಾಲೆಯ ಕೊನೇ ಭಾಗದಲ್ಲಿ ನೀರು ಬಂದ ದಿನ ಕಟ್ಟಿಕೊಳ್ತೀವಿ. ಆರಿಸೋ ದಿನ ನಮ್ಮ ಕೈಲಿದೆಯಾ? ಹೊನ್ನಾಳಿ, ನ್ಯಾಮತಿಯವರು ಹೇಳಿ.

2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯ ರೈತರ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟು ಹೊರಡಿಸಿದೆ. ಈಗ ಕರಾರು ಪತ್ರ ಹಿಡಿದು ಬರೋರು ಶುರುವಾಗಿದ್ದಾರೆ. ನನಗೆ ಕೊಟ್ಟಿರೋದು ಇಂಗ್ಲಿಷಿನಲ್ಲಿದೆ. ಎಷ್ಟು ವರ್ಷ ಕಟ್ಟುಬೀಳಬೇಕು, ಪರಿಶೋಧನೆ ಖರ್ಚು ಯಾರದ್ದು, ಬೆಲೆ ಬಿದ್ದರೆ ಏನು ಅಂತ ಬರೆದ ಕನ್ನಡ ಪ್ರತಿ ಕೇಳಿದೀನಿ. ಬಂದ ಮೇಲೆ ಇಲ್ಲೇ ಹಾಕ್ತೀನಿ.