ಕಟ್ಟುವ ಹಡಗೂ ಕೊಟ್ಟ ಹಣವೂ

ಮನೆಯನ್ನು ಕಟ್ಟಿಸುವವನು ತನ್ನ ನಿವೇಶನದ ಮೇಲೆ ಕಟ್ಟಿಸುತ್ತಾನೆ. ಮೇಸ್ತ್ರಿಯು ನಡುವೆ ಕೈಬಿಟ್ಟು ಹೋದರೂ ಎದ್ದಷ್ಟು ಗೋಡೆಯು ನೆಲದೊಡೆಯನದಾಗಿಯೇ ನಿಲ್ಲುವುದು. ಹಡಗನ್ನು ಕಟ್ಟಿಸುವವನ ಸ್ಥಿತಿ ಹಾಗಲ್ಲ. ಅದು ಬೆಳೆಯುವುದು ಪರರ ಅಂಗಳದಲ್ಲಿ, ಪರರು ಕೂಡಿಹಾಕಿದ ಮರಮಟ್ಟಿನಿಂದ, ಪರರ ಆಳುಗಳ ಕೈಯಿಂದ. ಆತನು ತನ್ನದೆಂದು ಹೇಳಬಹುದಾದುದು ಮುಂಗಡವಾಗಿ ಕೊಟ್ಟ ಹಣವೊಂದನ್ನೇ. ಅದೂ ಕೊಟ್ಟ ಕ್ಷಣದಿಂದ ಆತನ ಕೈಯಲ್ಲಿಲ್ಲ. ಹಡಗು ಅರೆಯಾಗಿರುವಾಗಲೇ ಕಟ್ಟುವವನು ದಿವಾಳಿಯೆದ್ದರೆ ಆ ಅರೆ ಹಡಗು ಯಾರಿಗೆ ಸೇರತಕ್ಕದ್ದು? ಹಣ ಕೊಟ್ಟ ಗಿರಾಕಿಗೋ, ಕಟ್ಟುವವನಿಗೆ ಸಾಲ ಕೊಟ್ಟ ಇತರರಿಗೋ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ವರ್ತಕರೂ ನ್ಯಾಯಾಧೀಶರೂ ಪಟ್ಟ ಶ್ರಮದ ಚರಿತ್ರೆಯನ್ನು ನಾವು ಈ ಭಾಷಣದಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ದೋಣಿ ಕಟ್ಟಿಸುವವನಿಗೆ ರಕ್ಷಣೆ ಬೇಕೆಂಬ ಭಾವನೆ ಬಹಳ ಹಳೆಯದು. ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಬ್ಯಾಬಿಲೋನಿಯವನ್ನಾಳಿದ ಹಮ್ಮುರಾಬಿಯ ಶಾಸನವು 1901-02ರಲ್ಲಿ ಸೂಸಾ ನಗರದ ಅವಶೇಷಗಳಲ್ಲಿ ಫ್ರೆಂಚ್ ಸಂಶೋಧಕರಿಗೆ ದೊರಕಿತು. ಈಗ ಅದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರ 234ನೆಯ ವಿಧಿಯಂತೆ, 60 ಗೂರ್ ಅಳತೆಯ ದೋಣಿಯನ್ನು ಸಿದ್ಧಪಡಿಸಿಕೊಟ್ಟವನಿಗೆ 2 ಶೆಕೆಲ್ ಬೆಳ್ಳಿ ಸಲ್ಲತಕ್ಕದ್ದು. 235ನೆಯ ವಿಧಿಯು ಇನ್ನೊಂದು ಹೆಜ್ಜೆ ಮುಂದೆ ಹೋಗುವುದು: ಕೆಲಸವು ಭದ್ರವಾಗಿರದೆ ಅದೇ ವರ್ಷದಲ್ಲಿ ದೋಣಿ ಕೆಟ್ಟರೆ, ಕೆಲಸ ಮಾಡಿದವನೇ ಅದನ್ನು ಬಿಚ್ಚಿ ತನ್ನ ಸ್ವಂತ ಖರ್ಚಿನಿಂದ ಗಟ್ಟಿಮಾಡಿ ಒಪ್ಪಿಸಬೇಕು. ಒಂದು ವರ್ಷದ ಈ ಹೊಣೆಗಾರಿಕೆಯನ್ನು ಓದಿದಾಗ ನಮಗೆ ಆಶ್ಚರ್ಯವಾಗದಿರದು. ಆದರೆ ಈ ವಿಧಿಗಳು ಕೆಟ್ಟ ಕೆಲಸದಿಂದ ರಕ್ಷಿಸುತ್ತವೆಯೇ ಹೊರತು, ಕೆಲಸವೇ ಮುಗಿಯದೆ ಹೋಗುವ ಅಪಾಯದಿಂದ ರಕ್ಷಿಸುವುದಿಲ್ಲ. ಮುಂಗಡದ ಮಾತು ಅವುಗಳಲ್ಲಿಲ್ಲ.

ಹಡಗುಗಳು ದೊಡ್ಡವಾದಂತೆ ಈ ಎರಡನೆಯ ಅಪಾಯವು ಬೆಳೆಯಿತು. ಸಮುದ್ರಯಾನದ ಹಡಗೊಂದಕ್ಕೆ ಬೇಕಾದ ಮರ, ಕಬ್ಬಿಣ, ಹಗ್ಗ ಇವುಗಳನ್ನೆಲ್ಲ ಕೊಂಡು, ತಿಂಗಳುಗಟ್ಟಲೆ ಕೂಲಿ ಕೊಟ್ಟು, ಕೊನೆಯಲ್ಲಿ ಬೆಲೆ ಪಡೆಯುವಷ್ಟು ಬಂಡವಾಳ ಕಟ್ಟುವವನಲ್ಲಿ ಇರುವುದು ಅಪರೂಪ. ಆದುದರಿಂದ ಬೆಲೆಯನ್ನು ಕಂತುಗಳಾಗಿ ವಿಂಗಡಿಸಿ, ಪಕ್ಕೆಮರಗಳು ನಿಂತಾಗ ಒಂದು, ಹಲಗೆ ಹೊದಿಸಿದಾಗ ಒಂದು, ಮೇಲಟ್ಟ ಹಾಸಿದಾಗ ಒಂದು, ನೀರಿಗಿಳಿಸಿದಾಗ ಒಂದು ಎಂದು ಕೊಡುವ ಪದ್ಧತಿ ಬಳಕೆಗೆ ಬಂದಿತು. ಇದರಿಂದ ಕೊಳ್ಳುವವನು ತನಗೆ ಅರಿವಿಲ್ಲದೆಯೇ ಕಟ್ಟುವವನ ಸಾಹುಕಾರನಾದನು. ಆದರೆ ಸಾಹುಕಾರನಿಗಿರುವ ಅಡವಾಗಲಿ ಜಾಮೀನಾಗಲಿ ಆತನಿಗಿರಲಿಲ್ಲ.

ಈ ಕೊರತೆಯು ಇಂಗ್ಲೆಂಡಿನ ನ್ಯಾಯಸ್ಥಾನದ ಮುಂದೆ ಸ್ಪಷ್ಟವಾಗಿ ಬಂದುದು 1822ರಲ್ಲಿ, ವುಡ್ಸ್ ಮತ್ತು ರಸೆಲ್ ಎಂಬವರ ವ್ಯಾಜ್ಯದಲ್ಲಿ. ರಸೆಲನು ಕಂತುಗಳಲ್ಲಿ ಹಣ ಕೊಡುವ ಕರಾರಿನಿಂದ ಹಡಗೊಂದನ್ನು ಕಟ್ಟಿಸುತ್ತಿದ್ದನು. ಕೆಲಸ ಮುಗಿಯುವ ಮೊದಲೇ ಆತನ ಹೆಸರಿನಲ್ಲಿ ಹಡಗಿನ ರಿಜಿಸ್ಟ್ರಿಯಾಗುವಂತೆ ಕಟ್ಟುವವನು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದನು. ಅನಂತರ ಕಟ್ಟುವವನು ದಿವಾಳಿಯಾದನು. ರಸೆಲನು ಹಡಗನ್ನು ವಶಪಡಿಸಿಕೊಂಡನು. ದಿವಾಳಿಯ ಆಸ್ತಿಯ ಅಧಿಕಾರಿಗಳು ದಾವೆ ಹೂಡಿದರು. ರಿಜಿಸ್ಟ್ರಿಯಾದಾಗಲೇ ಹಡಗಿನ ಸ್ವಾಮ್ಯವು ರಸೆಲನಿಗೆ ಸೇರಿತೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಆ ಹಡಗಿಗೆಂದೇ ತಂದಿಟ್ಟಿದ್ದ ಚುಕ್ಕಾಣಿ ಹಗ್ಗಗಳೂ ಆತನಿಗೆ ದೊರೆತವು. ಕಂತು ಕೊಟ್ಟುದರಿಂದಲೇ ಕಟ್ಟುತ್ತಿರುವ ಆ ಹಡಗು ಕೊಟ್ಟವನಿಗೆ ಮೀಸಲಾಗುವುದೆಂಬ ಅಭಿಪ್ರಾಯವೂ ತೀರ್ಪಿನಲ್ಲಿ ಬಂದಿತು.

ಈ ಕೊನೆಯ ಅಭಿಪ್ರಾಯವು 1836ರ ಕ್ಲಾರ್ಕ್ ಮತ್ತು ಸ್ಪೆನ್ಸರ ವ್ಯಾಜ್ಯದಲ್ಲಿ ನಿಯಮವಾಗಿ ಬೇರೂರಿತು. ಅಲ್ಲಿ ರಿಜಿಸ್ಟ್ರಿಯಿರಲಿಲ್ಲ. ಕೊಳ್ಳುವವನ ಪರವಾಗಿ ಒಬ್ಬ ಮೇಲ್ವಿಚಾರಕನು ಕೆಲಸವನ್ನು ನೋಡಿಕೊಳ್ಳುತ್ತಿದ್ದನು. ಕೆಲಸದ ಒಂದೊಂದು ಘಟ್ಟಕ್ಕೆ ಒಂದೊಂದು ಕಂತು ಗೊತ್ತಾಗಿದ್ದಿತು. ಮೇಲ್ವಿಚಾರಕನು ಮೆಚ್ಚಿ ಕಂತು ಸಂದ ಮೇಲೆ, ಅಷ್ಟರ ಮಟ್ಟಿಗೆ ನಿಂತಿರುವ ಹಡಗು ಕೊಳ್ಳುವವನದು, ಮುಂದೆ ಅದಕ್ಕೆ ಸೇರುವ ಮರವೂ ಆತನದು, ಆದರೆ ಕೆಲಸ ಪೂರೈಸಿ ಉಳಿದ ಬೆಲೆ ಗಳಿಸುವವರೆಗೆ ಅದನ್ನಿಟ್ಟುಕೊಳ್ಳುವ ಹಕ್ಕು ಕಟ್ಟುವವನದು ಎಂದು ತೀರ್ಮಾನವಾಯಿತು. ನ್ಯಾಯಾಧೀಶರಿಗೆ ಈ ನಿಯಮದಲ್ಲಿ ಪೂರ್ಣ ನಂಬಿಕೆಯಿರಲಿಲ್ಲ. ಆದರೂ 1822ರ ತೀರ್ಪನ್ನು ನಂಬಿ ಜನರು ಕರಾರು ಮಾಡಿಕೊಂಡಿರುವ ಸಂಭವವಿರುವುದರಿಂದ ಅದನ್ನು ಕದಲಿಸಲು ಅವರು ಒಪ್ಪಲಿಲ್ಲ. ವ್ಯಾಪಾರದಲ್ಲಿ ಜನರ ನಂಬಿಕೆಯೂ ಒಂದು ಆಧಾರವೆಂಬುದನ್ನು ಆ ನ್ಯಾಯಾಧೀಶರು ಅರಿತಿದ್ದರು.

ಇಷ್ಟರಿಂದ ಕೊಳ್ಳುವವನು ನಿಶ್ಚಿಂತನಾದನೆಂದು ಭಾವಿಸಲಾಗದು. 1886ರಲ್ಲಿ ಸೀತ್ ಮತ್ತು ಮೂರರ ಅಪೀಲಿನಲ್ಲಿ ಲಾರ್ಡ್ಸ್ ಸಭೆಯು ವಿಷಯವನ್ನು ಪುನಃ ವಿಮರ್ಶಿಸಿ, ಕಂತು ಕೊಟ್ಟ ಮಾತ್ರಕ್ಕೆ ಸ್ವಾಮ್ಯವು ತಾನಾಗಿ ಬರುವುದಿಲ್ಲ, ಉಭಯರ ಉದ್ದೇಶವೇನೆಂಬುದನ್ನು ಕರಾರಿನಿಂದ ತಿಳಿಯಬೇಕು ಎಂದು ವಿಧಿಸಿತು. ಹಡಗಿಗೆ ಜೋಡಿಸದ ಸಾಮಗ್ರಿಯು ಸಾಧಾರಣವಾಗಿ ಹಡಗಿನ ಭಾಗವಲ್ಲವೆಂಬುದೂ ಸ್ಥಿರವಾಯಿತು. 1904ರ ರೀಡ್ ಮತ್ತು ಮ್ಯಾಕ್‌ಬೆತ್ ವ್ಯಾಜ್ಯದಲ್ಲಿ ಇದರ ಕಠಿಣತೆ ಕಾಣುವುದು. ಹಡಗಿಗೆ ಉದ್ದೇಶಿಸಿದ ಸಾಮಗ್ರಿಯೆಲ್ಲ, ಅಂಗಳದಲ್ಲಿರಲಿ ಬೇರೆಲ್ಲಿಯೇ ಇರಲಿ, ಕೊಳ್ಳುವವರದೆಂದು ಆ ಕರಾರಿನಲ್ಲಿ ಬರೆದಿದ್ದಿತು. ದಿವಾಳಿಯಾದಾಗ ಲೋಹದ ತಗಡುಗಳು ರೈಲ್ವೆ ಸ್ಟೇಷನ್ನಿನಲ್ಲಿದ್ದವು. ಯಾವ ಹಡಗಿಗೆ, ಯಾವ ಸ್ಥಾನಕ್ಕೆ ಎಂಬ ಗುರುತೂ ಅವುಗಳ ಮೇಲಿದ್ದಿತು. ಆದರೂ ಕರಾರಾದುದು ಹಡಗಿನ ಮಾರಾಟಕ್ಕೇ ಹೊರತು ತಗಡಿನ ಮಾರಾಟಕ್ಕಲ್ಲವೆಂದು ಹೇಳಿ, ಲಾರ್ಡ್ಸ್ ಸಭೆಯು ಅವನ್ನು ದಿವಾಳಿಯ ಆಸ್ತಿಗೆ ಸೇರಿಸಿತು. 1926ರಲ್ಲಿ ಬ್ಲೈತ್ ಹಡಗುಕಟ್ಟೆಯ ಸಂಬಂಧದಲ್ಲಿಯೂ ಅದೇ ರೇಖೆಯನ್ನೆಳೆಯಲಾಯಿತು: ಅರೆಯಾಗಿದ್ದ ಹಡಗು ಕೊಂಡವರದು, ಅಂಗಳದಲ್ಲಿ ಬಿದ್ದಿದ್ದ, ಇನ್ನೂ ಜೋಡಣೆಯಾಗದ ಸಾಮಗ್ರಿಯು ಅವರದಲ್ಲ.

ನಮ್ಮ ದೇಶದ 1930ರ ಸರಕು ಮಾರಾಟದ ಕಾಯಿದೆಯೂ ಇದೇ ಪರಂಪರೆಗೆ ಸೇರಿದುದು. ಇನ್ನೂ ಹುಟ್ಟದ ಸರಕನ್ನು ಈಗಲೇ ಮಾರಿದೆನೆಂದು ಬರೆದುಕೊಟ್ಟರೂ, 6ನೆಯ ವಿಧಿಯಂತೆ ಅದು ಮುಂದೆ ಮಾರುವ ಒಪ್ಪಂದ ಮಾತ್ರವಾಗುವುದು. ಸ್ವಾಮ್ಯವು ಯಾವಾಗ ಕೈಬದಲಾಗುವುದೆಂಬುದನ್ನು 19ನೆಯ ವಿಧಿಯು ಉಭಯರ ಉದ್ದೇಶಕ್ಕೆ ಬಿಟ್ಟಿದೆ. ಮಲ್ಪೆಯಲ್ಲಿಯೋ ಮಂಗಳೂರಿನಲ್ಲಿಯೋ ಮೀನುಗಾರಿಕೆಯ ದೋಣಿಗೆ ಮುಂಗಡ ಕೊಡುವವನ ಕರಾರು ಸರಕಿನ ಮಾರಾಟದ ಕರಾರಾಗಿದ್ದ ಪಕ್ಷದಲ್ಲಿ, ಆತನಿಗೂ ಅನ್ವಯಿಸುವುದು ಇದೇ ಕಾಯಿದೆ. ಉದ್ದೇಶವನ್ನು ಕಾಗದದಲ್ಲಿ ಬರೆದಿಡದವನು ಅದನ್ನು ಸಾಕ್ಷಿಗಳ ಬಾಯಿಂದ ಸ್ಥಾಪಿಸಬೇಕಾಗುವುದು.

ವಿಹಾರನೌಕೆಗಳ ವಿಷಯವೂ ಬೇರೆಯಲ್ಲ. 1958ರ ಮ್ಯಾಕ್‌ಡೂಗಲ್ ಮತ್ತು ಏರೋಮರೀನ್ ವ್ಯಾಜ್ಯದ ಕರಾರಿನಲ್ಲಿ, ಮೊದಲನೆಯ ಕಂತು ಸಂದೊಡನೆ ನೌಕೆಯೂ ಅದಕ್ಕೆ ಮೀಸಲಾದ ಸಾಮಗ್ರಿಯೂ ಕೊಂಡವನದೆಂದು ಬರೆದಿದ್ದಿತು. ಮೀಸಲೆಂದು ತೋರಿಸಬಹುದಾದ ವಸ್ತುವೇ ಇಲ್ಲದಿರುವಾಗ ಸ್ವಾಮ್ಯವು ಯಾವುದರ ಮೇಲೆ ನಿಲ್ಲಬೇಕು? ಮೊದಲು ವಸ್ತುವು ಇರಬೇಕು ಎಂಬುದು ನ್ಯಾಯಾಧೀಶ ಡಿಪ್ಲಾಕರ ವಿಚಾರ. ಬರಿಯ ಅಂಗಳಕ್ಕೆ ಕೊಟ್ಟ ಮೊದಲ ಕಂತೇ ಎಲ್ಲಕ್ಕಿಂತಲೂ ಅರಕ್ಷಿತವಾದುದೆಂಬುದು ಇದರಿಂದ ವ್ಯಕ್ತವಾಗುವುದು.

ಇದಲ್ಲದೆ, ಸ್ವಾಮ್ಯವು ಕೈಸೇರಿದರೂ ದೊರಕುವುದು ಅರೆ ಹಡಗು. ಅದು ತೇಲದು; ಬೇರೊಬ್ಬನಿಂದ ಮುಗಿಸಲು ಹೊಸ ಹಣ ಬೇಕು. ಆದುದರಿಂದ ಹಡಗಿನ ವ್ಯಾಪಾರಿಗಳು ವಸ್ತುವಿನ ಹಕ್ಕಿನಿಂದ ಹಣದ ಹಕ್ಕಿನ ಕಡೆಗೆ ತಿರುಗಿದರು. ಕಟ್ಟುವವನು ಸೋತರೆ ಕಂತುಗಳನ್ನು ತಾನು ಹಿಂದಿರುಗಿಸುವೆನೆಂದು ಬ್ಯಾಂಕು ಬರೆದುಕೊಡುವ ಮರುಪಾವತಿ ಜಾಮೀನು ರೂಢಿಗೆ ಬಂದಿತು. ಅದರ ಬಲವೂ ಅದರ ಮಾತುಗಳಲ್ಲಿಯೇ ಇದೆ. ರೈನಿ ಸ್ಕೈ ಎಂಬ ಕಂಪನಿಯೂ ಅದರ ಜೊತೆಯವರೂ ಕೊರಿಯಾದಲ್ಲಿ 6 ಹಡಗುಗಳನ್ನು ಕಟ್ಟಿಸಲು ಒಪ್ಪಂದ ಮಾಡಿಕೊಂಡಿದ್ದರು. ಒಂದೊಂದರ ಬೆಲೆ 3 ಕೋಟಿ 33 ಲಕ್ಷ ಡಾಲರು, 5 ಸಮ ಕಂತುಗಳಲ್ಲಿ. ಕಟ್ಟುವವರು ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ, ಜಾಮೀನು ಆ ಸಂದರ್ಭಕ್ಕೆ ಅನ್ವಯಿಸದೆಂದು ಕೂಕ್ಮಿನ್ ಬ್ಯಾಂಕು ವಾದಿಸಿತು. ಎರಡು ಅರ್ಥಗಳಿಗೆ ಎಡೆಯಿರುವಲ್ಲಿ ವ್ಯಾಪಾರದ ವಿವೇಕಕ್ಕೆ ಒಪ್ಪುವುದನ್ನು ಹಿಡಿಯಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತು, 4 ಕೋಟಿ 66 ಲಕ್ಷಕ್ಕೂ ಮೀರಿದ ಡಾಲರುಗಳ ಹಕ್ಕನ್ನು ಕೊಂಡವರ ಪರವಾಗಿ ಎತ್ತಿಹಿಡಿಯಿತು. ಜಾಮೀನು ಯಾವ ಸಂಕಟಕ್ಕಾಗಿ ಬೇಕಾಗಿದ್ದಿತೋ ಅದೇ ಸಂಕಟದಲ್ಲಿ ಕೈಕೊಡುವುದೆಂದರೆ ಅದನ್ನು ಪಡೆದು ಫಲವೇನು?

ಒಂದೇ ದೋಣಿಯನ್ನು ಕಟ್ಟಿಸುವ ಬಡವನಿಗೆ ಇಂಥ ಜಾಮೀನು ಸುಲಭವಾಗಿ ದೊರಕದು. ಆದರೆ ಈ ಚರಿತ್ರೆಯ ಸಾರವು ಆತನಿಗೂ ಲಭ್ಯವಾಗಿದೆ. ಮೊದಲ ಕಂತು ಚಿಕ್ಕದಾಗಿರಲಿ, ಯಾವ ಕಂತೂ ಕಣ್ಣಿಗೆ ಕಾಣುವ ಕೆಲಸವನ್ನು ಮೀರಿ ಮುಂದೆ ಹೋಗದಿರಲಿ, ಕಂತಿಗೆ ಮೊದಲು ಬಲ್ಲವನೊಬ್ಬನು ಕೆಲಸವನ್ನು ಪರೀಕ್ಷಿಸಲಿ, ಕಂತು ಸಂದಂತೆ ದೋಣಿ ಯಾರದೆಂಬುದು ಕರಾರಿನಲ್ಲಿ ಸ್ಪಷ್ಟವಾಗಿರಲಿ, ಅಂಗಳದಲ್ಲಿರುವಾಗಲೇ ವಿಮೆಯಾಗಲಿ. ಕಟ್ಟುವವನಲ್ಲಿ ಅವಿಶ್ವಾಸವಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರಾಮಾಣಿಕನೂ ದಿವಾಳಿಯಾಗಬಹುದು. ಅಂಥ ದಿನ ಬಂದಾಗ ಆತನ ಪ್ರಾಮಾಣಿಕತೆಯು ಸಾಲ ಕೊಟ್ಟವರನ್ನು ತಡೆಯಲಾರದು. ತಡೆಯಬಲ್ಲುದು ಸ್ನೇಹವಿರುವಾಗಲೇ ಬರೆದಿಟ್ಟ ಕಾಗದ ಮಾತ್ರ.